ಒಂದನೇ ಬೇಸಿನ ಫೋರ್‌ಮನ್ನರು

ಅವರ ಬಲ ಅಂಗೈಯನ್ನು ಮೊದಲ ಸಲ ನೋಡಿದವರು ಯಾವುದೋ ಹುಳ ಕಚ್ಚಿರಬೇಕು ಅಂದುಕೊಳ್ಳುತ್ತಿದ್ದರು. ತೋರುಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದಪ್ಪದ ಗಂಟು, ಅದರ ಸುತ್ತ ವರ್ಷವಿಡೀ ಮಾಸದ ನೇರಳೆ ಬಣ್ಣದ ಕಲೆ. ಎಡಗೈ ಮಾತ್ರ ಗ್ಯಾರೇಜಿನಲ್ಲಿ ದುಡಿಯುವ ಯಾರ ಕೈಯಾದರೂ ಆಗಬಹುದಿತ್ತು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗುತ್ತಿರಲಿಲ್ಲ. ಯಾರಾದರೂ ಕೈಕುಲುಕಲು ಬಂದರೆ ಅವರು ಬಲಗೈಯನ್ನು ಎದೆಯ ಮೇಲಿಟ್ಟು ತಲೆಬಾಗುತ್ತಿದ್ದರು. ಈ ದೇಶದ ಮರ್ಯಾದೆ ಕಲಿತಿದ್ದಾರೆ ಎಂದು ನಾನು ಮೆಚ್ಚಿಕೊಂಡಿದ್ದೆ. ಮರ್ಯಾದೆಯೂ ಇತ್ತು, ನಿಜ. ಆದರೆ ಯಾರಾದರೂ ಆ ಗಂಟನ್ನು ಒತ್ತಿದರೆ ಪ್ರಾಣ ಹೋಗುವಷ್ಟು ನೋವಾಗುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಉಡುಪಿ ಕಡೆಯವರು. ದುಬೈಯ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದರು. ನನ್ನ ಮಗನಿಗೆ ಅಂಕಲ್, ನಮ್ಮ ಮನೆಯ ಮಾತಿನಲ್ಲಿ ಬರೀ ಫೋರ್‌ಮನ್ನರು.

ನಾನು ಮೈಸೂರಿನವಳು. ಸಿಲಿಕಾನ್ ಓಯಸಿಸ್‌ನ ಒಂದು ಕಚೇರಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಉದ್ಯೋಗ ಎನ್ನುವುದಕ್ಕಿಂತ ಹುಟ್ಟುಗುಣ ಅಂದರೂ ಸರಿಯೇ. ಹೋಟೆಲಿನ ಮೆನುವಿನಲ್ಲಿ ಕಾಗುಣಿತ ತಪ್ಪಿದ್ದರೆ ನನಗೆ ಊಟ ರುಚಿಸುವುದಿಲ್ಲ. ನನ್ನವರು ವಾರವಿಡೀ ಅಬುಧಾಬಿಯಲ್ಲಿದ್ದು ಗುರುವಾರ ಸಂಜೆ ಬಂದು ಶುಕ್ರವಾರ ಮಲಗುವವರು. ಹಾಗಾಗಿ ಮಗನ ಓದು, ಆಟ, ಹಲ್ಲಿನ ಡಾಕ್ಟರು ಎಲ್ಲ ನನ್ನ ತಲೆಯ ಮೇಲೇ ಇತ್ತು. ಕಾರಿನ ಏಸಿಯೂ.

ಏಸಿ ಕೆಟ್ಟ ಒಂದು ಜೂನ್ ತಿಂಗಳಲ್ಲಿ ನಾವು ಆ ಗ್ಯಾರೇಜಿಗೆ ಹೋದೆವು. ಮಗನಿಗೆ ಆಗ ಹದಿನಾಲ್ಕು. ನನಗಿಂತ ಒಂದು ಗೇಣು ಎತ್ತರ, ಮಾತಿಗೆ ಮಾತು ಇಂಗ್ಲಿಷ್, ಮುಖದಲ್ಲಿ ಸದಾ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಕಳೆ. ಅವನು ಗೋಡೆಗೆ ಟೆನಿಸ್ ಬಾಲ್ ಎಸೆಯುತ್ತ ಕೂತಿದ್ದ. ಫೋರ್‌ಮನ್ನರು ಜಾಬ್ ಕಾರ್ಡ್ ಬರೆಯುತ್ತ ಓರೆಗಣ್ಣಿನಲ್ಲಿ ನೋಡಿದರು. ಆಮೇಲೆ ಕೈ ಒರೆಸುವ ಬಟ್ಟೆಯನ್ನು ಉಂಡೆಕಟ್ಟಿ, ಒಂದು ಮಾತೂ ಹೇಳದೆ ಅವನ ಪಾದದ ಹತ್ತಿರ ಬೀಸಿ ಎಸೆದರು. ಮಗ ಬಗ್ಗಿ, ನೆಲಕ್ಕೆ ತಾಗುವ ಮೊದಲೇ ಅದನ್ನು ಹಿಡಿದ.

"ಎಡಗೈಯವನಾ ಮೇಡಂ?"

"ಹೌದು. ಊಟ ಮಾತ್ರ ಬಲಗೈಲಿ ಮಾಡ್ತಾನೆ. ಅದೂ ನಾನು ಹೊಡೆದು ಕಲಿಸಿದ್ದು."

"ಕ್ರಿಕೆಟಾ?"

"ಆಡ್ತಿದ್ದ. ಓಡೋದು ನಿಧಾನ ಅಂತ ಬೆಂಚ್ ಮೇಲೆ ಕೂರಿಸಿಬಿಟ್ರು."

"ಓಡ್ಲಿಕ್ಕೆ ಬೇರೆ ಮಕ್ಕಳಿದ್ದಾರಲ್ಲ ಮಾರಾಯ್ರೆ. ಇವ ನಿಲ್ಲುವ ಜನ. ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಕರ್ಕೊಂಡು ಬನ್ನಿ."

ಹೀಗೆ ಏಸಿ ರಿಪೇರಿಗೆ ಹೋದವಳು ಬೇಸ್‌ಬಾಲ್ ತಂದುಕೊಂಡೆ. ಅಮೆರಿಕದ ಕೆಲವು ಕುಟುಂಬಗಳು ಸೇರಿ ಒಂದು ಶಾಲೆಯ ಹಿಂದಿನ ಮೈದಾನದಲ್ಲಿ ಮಕ್ಕಳಿಗೆ ಆಡಿಸುತ್ತಿದ್ದರು. ಹುಲ್ಲೆಂಬುದು ಹೆಸರಿಗೆ ಮಾತ್ರ. ಬೇಸುಗಳು, ಅಂದರೆ ಓಡುವವರು ತಲುಪಬೇಕಾದ ಚೌಕಗಳು, ಲಾರಿಯ ಹಳೇ ರಬ್ಬರ್ ಕತ್ತರಿಸಿ ಫೋರ್‌ಮನ್ನರೇ ಮಾಡಿಕೊಟ್ಟವು. ಅಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಒಂದನೇ ಬೇಸಿನ ಪಕ್ಕ ನಿಲ್ಲುತ್ತಿದ್ದರು, ಅಲ್ಲಿಗೆ ಬರುವ ಮಕ್ಕಳನ್ನು ತಿದ್ದುತ್ತಿದ್ದರು, ಬಿಸಿಲು ಏರಿದಾಗ "ಯಲ್ಲಾ, ಖಲಾಸ್", ನಡೀರಿ, ಮುಗೀತು ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಡುತ್ತಿದ್ದರು.

ಈ ಆಟ ಅವರಿಗೆ ಹೇಗೆ ಅಂಟಿತು ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದರು. ಊರಿನಿಂದ ಬಂದ ಹೊಸದರಲ್ಲಿ ಮದೀನತ್ ಜಾಯೆದ್ ಕಡೆಯ ಒಂದು ಕ್ಯಾಂಪಿನಲ್ಲಿ ಸ್ಟೋರ್ ಕೀಪರ್ ಆಗಿದ್ದರಂತೆ. ಸುತ್ತ ಮರಳು ಬಿಟ್ಟರೆ ಮಾಫಿ, ಏನೂ ಇಲ್ಲ. ಅಲ್ಲಿನ ಅಮೆರಿಕನ್ ಇಂಜಿನಿಯರುಗಳ ಬೇಸ್‌ಬಾಲ್ ತಂಡಕ್ಕೆ ಯಾವಾಗಲೂ ಒಬ್ಬ ಕಡಿಮೆ. ಇವರು ಎತ್ತರ, ಎಡಗೈ ಬೇರೆ. ಸ್ಟೋರಿನಿಂದ ಎಳೆದುಕೊಂಡು ಹೋಗಿ ಒಂದನೇ ಬೇಸಿನಲ್ಲಿ ನಿಲ್ಲಿಸಿದರು. ಆ ಇಂಜಿನಿಯರುಗಳಲ್ಲಿ ಒಬ್ಬಾತ ಹಿಂದೆ ತನ್ನ ದೇಶದಲ್ಲಿ ಕಾಲೇಜು ತಂಡವೊಂದರ ಕೋಚಿಗೆ ಸಹಾಯಕನಾಗಿದ್ದವನು. ಆತ ಕಲಿಸಿದ್ದೇ ಇವರ ಪೂರ್ತಿ ವಿದ್ಯೆ. ಬಲ ಅಂಗೈಯ ಗಂಟು ಅಲ್ಲಿ ಹಿಡಿದ ಚೆಂಡುಗಳ ಏಟಿನದು. ಆತ ಊರಿಗೆ ಹೋಗುವಾಗ ಕೊಟ್ಟ ಚರ್ಮದ ದೊಡ್ಡ ಗ್ಲೌಸಿಗೆ ಇವರು ಪ್ರತಿ ಗುರುವಾರ ಕೊಬ್ಬರಿ ಎಣ್ಣೆ ಸವರಿಡುತ್ತಿದ್ದರು. ಆ ಗ್ಲೌಸಿನ ವಾಸನೆ ಬಂದರೆ ನನಗೆ ಅಮ್ಮ ತಲೆ ಬಾಚುತ್ತಿದ್ದದ್ದು ನೆನಪಾಗುತ್ತಿತ್ತು.

ಆಟ ಗೊತ್ತಿಲ್ಲದ ನನಗೆ ಅವರೇ ಮಣ್ಣಿನಲ್ಲಿ ಗೆರೆ ಎಳೆದು ತಿಳಿಸಿದರು. ಹೊಡೆದವನು ಒಂದನೇ ಬೇಸಿನ ಕಡೆ ಓಡುತ್ತಾನೆ. ಚೆಂಡು ಸಿಕ್ಕಿದವರು ಅದನ್ನು ಒಂದನೇ ಬೇಸಿಗೆ ಎಸೆಯುತ್ತಾರೆ. ಅಲ್ಲಿ ನಿಂತವನು ಬೇಸಿನ ಮೇಲೆ ಕಾಲಿಟ್ಟುಕೊಂಡೇ ಅದನ್ನು ಹಿಡಿಯಬೇಕು, ಓಡುವವನು ತಲುಪುವ ಮೊದಲು. ಎಲ್ಲರೂ ಅವಸರದಲ್ಲಿ ಎಸೆಯುವುದರಿಂದ ಅದು ತಲೆಯ ಮೇಲೆ ಹೋಗುತ್ತದೆ, ಪಕ್ಕಕ್ಕೆ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಎದುರಿಗೇ ನೆಲಕ್ಕೆ ಬಡಿದು ಮುಖಕ್ಕೆ ಹಾರುತ್ತದೆ.

"ಎಲ್ಲರ ತಪ್ಪೂ ಕೊನೆಗೆ ಬಂದು ಬೀಳುವುದು ಇವನ ಮಡಿಲಿಗೆ ಮೇಡಂ. ಇವ ಹಿಡಿದ್ರೆ ಅದು ತಪ್ಪೇ ಅಲ್ಲ. ಬಿಟ್ರೆ ಎಸೆದವನ ಹೆಸರಿಗೆ ತಪ್ಪು."

ಮಗನಿಗೆ ಅವರು ಮೊದಲು ಮರೆಸಿದ್ದು ಕ್ರಿಕೆಟ್. ಕ್ಯಾಚ್ ಹಿಡಿಯುವಾಗ ಕೈಯನ್ನು ಮೆತ್ತಗೆ ಹಿಂದಕ್ಕೆ ಎಳೆದುಕೊಳ್ಳುವುದು ನಮ್ಮ ಮಕ್ಕಳಿಗೆಲ್ಲ ರಕ್ತದಲ್ಲೇ ಬಂದ ಅಭ್ಯಾಸ. "ಅಲ್ಲಿ ನೀನು ಬಾಲನ್ನು ಒಳಗೆ ಕರೀತಿ. ಇಲ್ಲಿ ಎದುರು ಹೋಗಿ ಕರ್ಕೊಂಡು ಬರ್ಬೇಕು" ಎಂದು ಅವನ ಕಾಲನ್ನು ಬೇಸಿಗೆ ಒತ್ತಿ, ಮೈಯನ್ನು ಮುಂದಕ್ಕೆ ಎಳೆಯುತ್ತಿದ್ದರು. ಒಳ್ಳೆಯ ಎಸೆತ ಒಂದನ್ನೂ ಕೊಡುತ್ತಿರಲಿಲ್ಲ. ಜಲ್ಲಿಯ ಮೇಲೆ ಬಡಿದು ಹೇಗೆಂದರೆ ಹಾಗೆ ನೆಗೆಯುವಂಥವೇ.

ಇನ್ನೊಂದು ನಿಯಮವಿತ್ತು. ಹಿಡಿದ ತಕ್ಷಣ ಎಸೆದವನ ಮುಖ ನೋಡಿ, ಅವನಿಗೆ ಕೇಳುವಂತೆ "ಬಂತು" ಅನ್ನಬೇಕು. ಎಂಥ ದರಿದ್ರ ಎಸೆತವಾದರೂ ಸರಿ. ಯಾಕೆ ಎಂದರೆ, ಅವನು ಮುಂದಿನ ಸಲ ಹೆದರದೆ ಎಸೆಯಲಿಕ್ಕೆ. ಆ ಮೈದಾನದಲ್ಲಿ ಫಿಲಿಪಿನೋ, ಲೆಬನಾನಿ, ಅಮೆರಿಕನ್ ಮಕ್ಕಳೆಲ್ಲ ಅದೇ ಮಾತು ಕೂಗುತ್ತಿದ್ದರು. ದುಬೈಯ ಬೆಳಗಿನಲ್ಲಿ ಚಿನ್ನದ ಬಣ್ಣದ ಕೂದಲಿನ ಹುಡುಗನೊಬ್ಬ "ಬಂತು!" ಎಂದು ಕಿರುಚಿದ್ದನ್ನು ಕೇಳಿ ನಾನು ಫ್ಲಾಸ್ಕಿನ ಕಾಫಿ ಮೈಮೇಲೆ ಚೆಲ್ಲಿಕೊಂಡಿದ್ದೆ.

ಎರಡು ವರ್ಷ ಕಳೆದು ಮಗ ಹನ್ನೊಂದನೇ ತರಗತಿಗೆ ಬಂದ. ಒಂದು ಸಂಜೆ ಊಟದ ತಟ್ಟೆ ನೋಡುತ್ತ, ತಾನು ಕಾಲೇಜಿನಲ್ಲೂ ಬೇಸ್‌ಬಾಲ್ ಆಡಬೇಕು, ಅಮೆರಿಕದ ಯಾವುದಾದರೂ ಕಾಲೇಜು ತಂಡ ಕರೆದರೆ ಅಲ್ಲೇ ಓದುತ್ತೇನೆ ಅಂದ. ಅವನು ಹುಟ್ಟಿದ ಮೇಲೆ ನನ್ನಲ್ಲಿ ಬೇಕು ಎಂದು ಕೇಳಿದ ಮೊದಲ ವಸ್ತು ಅದು. ಬೇರೆಲ್ಲ ನಾನೇ ಬೇಕು ಎಂದು ನಿರ್ಧರಿಸಿ ಕೊಟ್ಟವು. ಇದನ್ನು ಕೊಡಿಸದೆ ಬಿಡುವುದಿಲ್ಲ ಎಂದು ನಾನು ಸೆರಗು ಬಿಗಿದೆ.

ಕಾಲೇಜು ಕೋಚ್‌ಗಳು ಏನು ನೋಡುತ್ತಾರೆ ಎಂದು ಫೋರ್‌ಮನ್ನರನ್ನೇ ಕೇಳಿದೆ. ಅವರು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಉತ್ತರ ಕೊಟ್ಟರು. ಬ್ಯಾಟ್ ನೋಡುತ್ತಾರೆ, ಒಂದನೇ ಬೇಸಿನವನು ಜೋರಾಗಿ ಹೊಡೆಯದಿದ್ದರೆ ಅವನಿಗೆ ಜಾಗವಿಲ್ಲ. ಎತ್ತರ ನೋಡುತ್ತಾರೆ. ಎಡಗೈಯಾದರೆ ಖುಷಿ, ಗ್ಲೌಸ್ ಬಲಗೈಯಲ್ಲಿ ಮೈದಾನದ ಕಡೆಗೇ ಇರುತ್ತದೆ, ಹಿಡಿದು ಎಸೆಯಲು ತಿರುಗಬೇಕಾಗಿಲ್ಲ. ಕಾಲು ನೋಡುತ್ತಾರೆ, ಕೆಳಗೆ ನೋಡದೆಯೇ ಬೇಸ್ ಹುಡುಕುತ್ತದೋ ಇಲ್ಲವೋ ಎಂದು. "ಇಷ್ಟು ಎಲ್ಲರಲ್ಲೂ ಉಂಟು. ಕಡೆಗೆ ಒಂದು ನೋಡ್ತಾರೆ, ಅದು ನಮ್ಮ ಇಂಜಿನಿಯರ್ ಹೇಳಿದ್ದು" ಅನ್ನುವಷ್ಟರಲ್ಲಿ ಯಾರೋ ಕರೆದರು. ನಾನೂ ಅವಸರದಲ್ಲಿದ್ದೆ. ಆ ಕಡೆಯದನ್ನು ಕೇಳಿಕೊಳ್ಳದೆ ಹೊರಟೆ.

ವಿಡಿಯೋ ಮಾಡಿದೆ. ಎಷ್ಟೋ ಶುಕ್ರವಾರ ಒಂದನೇ ಬೇಸಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಚಿತ್ರೀಕರಿಸಿದ್ದನ್ನು ಕಂಪ್ಯೂಟರಿಗೆ ಹಾಕಿ, ಕಲ್ಲು ಆರಿಸುವಂತೆ ಆರಿಸಿದೆ. ಎದೆಯ ಎತ್ತರಕ್ಕೆ ನೆಟ್ಟಗೆ ಬಂದ ಚೆಂಡನ್ನು ಮಗ ಲಕ್ಷಣವಾಗಿ ಹಿಡಿದದ್ದು ಇರಲಿ. ಮೇಲೆ ಸಂಗೀತ ಇರಲಿ. ನೆಲಕ್ಕೆ ಬಡಿದ ಎಸೆತಕ್ಕೆ ಹೊಟ್ಟೆಯ ಮೇಲೆ ಬಿದ್ದು ಮೈಯೆಲ್ಲ ಮಣ್ಣು ಮಾಡಿಕೊಂಡದ್ದು, ಒಂದೆರಡು ಕೈತಪ್ಪಿದ್ದು, ಎಲ್ಲ ತೆಗೆ. ಮಾರ್ಕ್ಸ್‌ಕಾರ್ಡಿನಲ್ಲಿ ಕಮ್ಮಿ ಬಂದ ವಿಷಯವನ್ನು ನೆಂಟರಿಗೆ ಯಾರಾದರೂ ಓದಿ ಹೇಳುತ್ತಾರೆಯೇ? ಕಾಲೇಜುಗಳಿಗೆಲ್ಲ ಕಳಿಸಿದೆ. ವಾರಗಟ್ಟಲೆ ಕಾದರೂ ಒಬ್ಬರೂ ಉತ್ತರ ಬರೆಯಲಿಲ್ಲ. ಮಗ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡಿ, ಅದನ್ನು ಬೋರಲಾಗಿ ಇಟ್ಟು ಹಲ್ಲುಜ್ಜಲು ಹೋಗುತ್ತಿದ್ದ.

ಕೊನೆಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಗ್ಯಾರೇಜಿಗೆ ಹೋದೆ. ಫೋರ್‌ಮನ್ನರು ಎರಡು ಗ್ಲಾಸ್ ಸುಲೈಮಾನಿ ಟೀ ತರಿಸಿ ಪೂರ್ತಿ ನೋಡಿದರು.

"ಚಂದ ಉಂಟು ಮೇಡಂ. ಮದುವೆ ವಿಡಿಯೋದ ಹಾಗೆ ಉಂಟು. ಕೆಟ್ಟ ಬಾಲೆಲ್ಲ ಎಲ್ಲಿ ಹೋಯ್ತು?"

"ತೆಗೆದೆ."

"ತೆಗೆದ್ರಾ!" ಅವರು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಒಳ್ಳೆ ಬಾಲ್ ನೀವೂ ಹಿಡೀತೀರಿ, ನಾನೂ ಹಿಡೀತೇನೆ. ಆ ಕೋಚಿಗೆ ಇದನ್ನು ನೋಡಿ ಎಂತ ಆಗ್ಬೇಕು? ಇವನ ಕೆಲಸವನ್ನೇ ತೆಗೆದು ಕಸಕ್ಕೆ ಹಾಕಿದ್ರಲ್ಲ ಮಾರಾಯ್ರೆ."

ತೆಗೆದದ್ದೆಲ್ಲ ಬೇರೆ ಕಡೆ ಉಳಿದಿತ್ತು. ಅದನ್ನು ಹಾಕಿ ಎಂದರು. ಹಾಕಿದೆ. ಮೊದಲು ಅವರು ತುಂಬ ಖುಷಿಯಲ್ಲಿದ್ದರು. ಮಣ್ಣಿನಿಂದ ಚೆಂಡನ್ನು ಗೋರಿ ಎತ್ತಿದ ಒಂದೊಂದಕ್ಕೂ ತೊಡೆ ತಟ್ಟಿದರು. ಆಮೇಲೆ ಕಿವಿಯನ್ನು ಪರದೆಯ ಹತ್ತಿರ ತಂದರು. ನನಗೂ ಆಗ ಕೇಳಿಸಿತು. ಮುಚ್ಚಲು ಸಂಗೀತವಿಲ್ಲದ ಇದರಲ್ಲಿ, ಕ್ಯಾಮೆರಾದ ಹಿಂದಿನಿಂದ, ಒಂದೊಂದು ಕೆಟ್ಟ ಎಸೆತಕ್ಕೂ ನನ್ನದೇ ದನಿ. "ಛೆ!" "ಇವರಿಗೆ ನೆಟ್ಟಗೆ ಎಸೆಯೋಕೂ ಬರಲ್ವಾ?" "ಎದ್ದು ನಿಂತ್ಕೋ, ಮೈ ಕೊಡವು!"

ಫೋರ್‌ಮನ್ನರು ಪರದೆಯ ಮೇಲೆ ಬೆರಳಿಟ್ಟರು. "ಹಿಡಿದ ಕೂಡ್ಲೆ ಇವ ಎಲ್ಲಿ ನೋಡ್ತಾನೆ ನೋಡಿ. ಎಸೆದವನ ಕಡೆ ಅಲ್ಲ. ನಿಮ್ಮ ಕಡೆ. ಬಂತು ಅಂತ ಹೇಳುವುದು ಸಹ ಬಿಟ್ಟಿದ್ದಾನೆ. ಆವತ್ತು ನಾನು ಕಡೆಯದು ಅಂದೆನಲ್ಲ, ಅದು ಇದು ಮೇಡಂ. ಕೆಟ್ಟ ಬಾಲ್ ಬಂದಾಗ ಒಂದನೇ ಬೇಸಿನವನ ಮುಖ ಹೇಗುಂಟು ಅಂತ ನೋಡ್ತಾರೆ. ಇವನ ಮುಖದಲ್ಲಿ ಹೆದರಿಕೆ ಉಂಟು. ಅದು ಬಾಲಿಂದು ಅಲ್ಲ."

ನನಗೆ ಮೈ ಉರಿಯಿತು. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. "ನೀವು ಗಾಡಿ ರಿಪೇರಿ ಮಾಡಿ, ಸಾಕು. ನನ್ನ ಮಗನ್ನ ಹೇಗೆ ಬೆಳೆಸಬೇಕು ಅಂತ ಗ್ಯಾರೇಜಿನವರ ಹತ್ರ ಕಲಿಯೋ ಗತಿ ನನಗಿನ್ನೂ ಬಂದಿಲ್ಲ" ಅಂದುಬಿಟ್ಟೆ. ಸುತ್ತ ನಾಲ್ಕು ಮಂದಿ ಮೆಕ್ಯಾನಿಕ್‌ಗಳಿದ್ದರು. ಕನ್ನಡ ಬಾರದವರಿಗೂ ದನಿ ಅರ್ಥವಾಯಿತು.

ಅವರು ಬಲಗೈಯನ್ನು ಎದೆಯ ಮೇಲಿಟ್ಟರು. ನನ್ನ ಮುಖ ನೋಡಿದರು, ಸಿಟ್ಟಿಲ್ಲದೆ. "ಆಯ್ತು ಮೇಡಂ. ಟೀ ಆರ್ತಾ ಉಂಟು, ಕುಡೀರಿ."

ಕುಡಿಯದೆ ಎದ್ದುಬಂದೆ. ಎರಡು ಶುಕ್ರವಾರ ಮೈದಾನಕ್ಕೆ ಹೋಗಲಿಲ್ಲ, ಮಗನನ್ನು ಟ್ಯಾಕ್ಸಿಯಲ್ಲಿ ಕಳಿಸಿದೆ. ಆ ಹದಿನೈದು ದಿನ ಮನೆಯಲ್ಲಿ ಒಂದು ಸಣ್ಣ ವಿಷಯ ಗಮನಿಸಿದೆ. ನೀರಿನ ಲೋಟ ಜಾರಿದರೂ, ಬಾಗಿಲು ಜೋರಾಗಿ ಹಾಕಿಕೊಂಡರೂ ಮಗ ಮೊದಲು ನನ್ನ ಮುಖ ನೋಡುತ್ತಿದ್ದ. ಅದು ಹದಿನಾರು ವರ್ಷದಿಂದ ನನ್ನ ಕಣ್ಣೆದುರೇ ಇತ್ತು. ಕಚೇರಿಯಲ್ಲಿ ಇಡೀ ದಿನ ತಪ್ಪು ಹುಡುಕುವವಳಿಗೆ ಕಂಡಿರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರನೇ ಶುಕ್ರವಾರ ಹೋದೆ. ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಬಾಯಿ ತೆಗೆಯಲು ಬಿಡಲಿಲ್ಲ. ಕ್ಯಾಮೆರಾವನ್ನು ನನ್ನ ಕೈಯಿಂದ ಇಸಿದುಕೊಂಡು ಇನ್ನೊಬ್ಬ ತಾಯಿಗೆ ಕೊಟ್ಟರು. ನನ್ನ ಕೈಗೆ ಒಂದು ಬಕೆಟ್ ಚೆಂಡು ಕೊಟ್ಟರು.

"ನೀವು ಎಸೀರಿ."

"ನನಗೆ ಬರಲ್ಲ."

"ಅದಕ್ಕೇ ಮೇಡಂ."

"ಬೇಕೂಂತ ಕೆಟ್ಟದಾಗಿ ಎಸೀಬೇಕಾ?"

"ಛೇ, ಇಲ್ಲಪ್ಪ. ನೀವು ಒಳ್ಳೆ ಮನಸ್ಸಿಂದ ನೆಟ್ಟಗೆ ಎಸೀಲಿಕ್ಕೆ ನೋಡಿ. ಅದು ತನ್ನಷ್ಟಕ್ಕೆ ಕೆಟ್ಟು ಬರ್ತದೆ."

ಸಲ್ವಾರ್ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು, ನಲವತ್ತು ದಾಟಿದ ನಾನು, ಜನ್ಮದಲ್ಲಿ ಮೊದಲ ಸಲ ಚೆಂಡು ಎಸೆದೆ. ಅದು ನನ್ನ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಆಕಾಶಕ್ಕೆ ಹೋಯಿತು. ಮೂರನೆಯದು ಎದುರಿಗಿದ್ದ ಜಲ್ಲಿಗೆ ಬಡಿದು ಮಗನ ಮಂಡಿಯ ಕಡೆ ನೆಗೆಯಿತು. ಅವನು ಕಾಲನ್ನು ಬೇಸಿನ ಮೇಲೇ ಬಿಟ್ಟು, ಉದ್ದಕ್ಕೆ ಚಾಚಿ, ಗ್ಲೌಸಿನಲ್ಲಿ ಗೋರಿ ಎತ್ತಿದ. ಆಮೇಲೆ ಅಭ್ಯಾಸದಂತೆ ನನ್ನ ಮುಖ ನೋಡಿದ. ಆದರೆ ಈಗ ಎಸೆದವಳು ನಾನೇ. ನಾನು ನಾಚಿಕೆಯಿಂದ ಕುಗ್ಗಿಹೋಗಿದ್ದೆ, ಅವನೇನು ಅನ್ನುತ್ತಾನೋ ಎಂಬ ಅಳುಕಿನಲ್ಲಿದ್ದೆ. ಅವನು ಗ್ಲೌಸ್ ಮೇಲೆತ್ತಿ ತೋರಿಸಿದ.

"ಬಂತು, ಅಮ್ಮ!" ಎಂದು ಕೂಗಿದ.

ಬಕೆಟ್ ಖಾಲಿಯಾಗುವವರೆಗೂ ಕೂಗಿದ. ನನ್ನ ಎಸೆತ ಕೊನೆಗೂ ಸುಧಾರಿಸಲಿಲ್ಲ, ಆದರೆ ಕೊನೆಕೊನೆಗೆ ಹೆದರಿಕೆ ಹೋಗಿತ್ತು. ಫೋರ್‌ಮನ್ನರು ಬೆನ್ನು ತಿರುಗಿಸಿಕೊಂಡು ಎರಡನೇ ಬೇಸಿನ ಮೇಲಿನ ಮರಳು ಗುಡಿಸುತ್ತಿದ್ದರು, ಗುಡಿಸಲು ಅಲ್ಲಿ ಏನೂ ಇಲ್ಲದಿದ್ದರೂ.

ಹೊಸ ವಿಡಿಯೋವನ್ನು ಮಗನೇ ಮಾಡಿದ. ಸಂಗೀತವಿಲ್ಲ, ಕತ್ತರಿಯಿಲ್ಲ. ಬಿದ್ದದ್ದು, ಬಿಟ್ಟದ್ದು, ಎಸೆದವರ ಹತ್ತಿರ ಹೋಗಿ ಹೆಗಲು ತಟ್ಟಿದ್ದು ಎಲ್ಲ ಇತ್ತು. ನನ್ನನ್ನು ಒಂದು ಮಾತೂ ಕೇಳದೆ ಕೊನೆಯಲ್ಲಿ ನನ್ನ ಬಕೆಟ್ ಎಸೆತಗಳನ್ನೂ ಸೇರಿಸಿಬಿಟ್ಟಿದ್ದ. ಒಂದು ಸಣ್ಣ ಕಾಲೇಜಿನ ಕೋಚ್ ಉತ್ತರ ಬರೆದರು. ನಿನ್ನ ಬ್ಯಾಟಿಂಗ್ ಇನ್ನೂ ತಿದ್ದಬೇಕು, ಅದನ್ನು ನಾವು ಕಲಿಸಬಹುದು, ಬಾ, ಆದರೆ ಜಾಗ ಗಿಟ್ಟಿಸಿಕೊಳ್ಳುವುದು ನಿನ್ನ ಕೈಯಲ್ಲಿದೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಕೊನೆಯಲ್ಲಿ ಎಸೆಯುತ್ತಿರುವ ಆ ಮಹಿಳೆ ಯಾರು? ಅಂಥವನ್ನು ಹಿಡಿದು ಅಷ್ಟು ಸಮಾಧಾನದಿಂದ ಇರುವ ಹುಡುಗನನ್ನು ನಾನು ನೋಡಬೇಕು.

ಅದನ್ನು ಓದಿ ಹೇಳಿದಾಗ ಫೋರ್‌ಮನ್ನರು ಗ್ಯಾರೇಜಿನವರಿಗೆಲ್ಲ ಟೀ ತರಿಸಿದರು. "ನಮ್ಮ ಮೇಡಂ ಅಮೆರಿಕದಲ್ಲೂ ಫೇಮಸ್" ಎಂದು ಸಿಕ್ಕಿದವರಿಗೆಲ್ಲ ಹಿಂದಿಯಲ್ಲಿ ಸಾರಿದರು. ಆ ದಿನ ನಾನು ಗ್ಲಾಸ್ ಪೂರ್ತಿ ಕುಡಿದೆ. ಆಡಬಾರದ ಮಾತು ಆಡಿದ್ದೆ, ಮನಸ್ಸಿಗೆ ಹಚ್ಚಿಕೋಬೇಡಿ ಎಂದೆ. "ಯಾವುದು ಮೇಡಂ?" ಎಂದರು. ನಿಜಕ್ಕೂ ಮರೆತಿದ್ದರೋ, ಮರೆತಂತೆ ತೋರಿಸಿದರೋ, ನನಗೆ ಇವತ್ತಿಗೂ ತಿಳಿಯದು.

ಮಗ ಅಮೆರಿಕಕ್ಕೆ ಓದಲು ಹೋಗಿ ಎರಡನೇ ವರ್ಷ. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಗ್ಯಾರೇಜಿನಿಂದ ಫೋನ್ ಬಂತು. ಊಟ ಮುಗಿಸಿ ಕುರ್ಚಿಯಲ್ಲಿ ಕೂತ ಫೋರ್‌ಮನ್ನರು ಮತ್ತೆ ಏಳಲಿಲ್ಲ. ಹೃದಯಾಘಾತ ಅಂದರು. ನಾನು ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಮಗನಿರುವ ಊರಿನಲ್ಲಿ ಆಗ ಬೆಳಗಿನ ಆರು ಗಂಟೆ, ಅವತ್ತು ಅವನಿಗೆ ಪಂದ್ಯ. ಅಲ್ಲಿ ಸಂಜೆಯಾಗಿ ಪಂದ್ಯ ಮುಗಿಯುವವರೆಗೆ ಕಾಯಬೇಕಿತ್ತು. ಯಾವ ತಾಯಿಯಾದರೂ ಕಾಯುತ್ತಿದ್ದಳು. ನನ್ನ ಬೆರಳು ಆಗಲೇ ವಿಡಿಯೋ ಕಾಲ್ ಒತ್ತಿಬಿಟ್ಟಿತ್ತು.

ನಿದ್ದೆಗಣ್ಣಿನ ಮುಖ ಕಂಡಿತು. ನಾನು ಎಲ್ಲಿಂದಲೋ ಶುರುಮಾಡಿದೆ. "ಟೀ ತಂದಿಟ್ಟಿದ್ರಂತೆ ಕಣೋ, ಕುಡೀಲೇ ಇಲ್ವಂತೆ." ಅವನು ಯಾರು, ಏನು ಎಂದು ಕೇಳಿದ. ಹೇಗೆ ಹೇಳಬೇಕೆಂದು ತೋಚದೆ "ಫೋರ್‌ಮನ್ ಅಂಕಲ್ ಹೋಗ್ಬಿಟ್ರು" ಎಂದು ಕಿರುಚಿದಂತೆ ಹೇಳಿಬಿಟ್ಟೆ. ಒಂದು ಮುನ್ಸೂಚನೆಯಿಲ್ಲ, ಒಂದು ಮೆತ್ತನೆಯ ಮಾತಿಲ್ಲ. ನನ್ನ ಜೀವನದ ಅತಿ ಕೆಟ್ಟ ಎಸೆತ ಅದು.

ಅವನು ಫೋನ್ ಹಾಸಿಗೆಯ ಮೇಲೆ ಬಿಟ್ಟ, ಕೋಣೆಯ ಛಾವಣಿ ಮಾತ್ರ ಕಾಣುತ್ತಿತ್ತು. ಆಮೇಲೆ ಮುಖ ಬಂತು. ಕಣ್ಣು, ಮೂಗು ಎಲ್ಲ ಕೆಂಪು. ಅವನು ಆಚೀಚೆ ನೋಡಲಿಲ್ಲ, ನೇರ ನನ್ನ ಮುಖವನ್ನೇ ನೋಡಿದ.

"ಬಂತು, ಅಮ್ಮ" ಅಂದ.

ನಾನು ಗೋಡೆಗೆ ಒರಗಿಕೊಂಡೆ. ಅವನು ಮತ್ತೆ, ಇಂಗ್ಲಿಷ್ ಬಿಟ್ಟು, ನಿಧಾನವಾಗಿ ಕನ್ನಡದಲ್ಲೇ ಕೇಳಿದ: "ನೀನು ಅಲ್ಲಿ ಒಬ್ಬಳೇ ನಿಂತಿದ್ದೀಯಾ? ಮೊದಲು ಎಲ್ಲಾದರೂ ಕೂತ್ಕೋ."